ನೋವಿಲ್ಲದ ಎಡಗಾಲು

ಮುಂಬೈಯ ಕಾಂದಿವಲಿ ಸ್ಟೇಷನ್ನಿನಲ್ಲಿ ನಮ್ಮ ಯಜಮಾನರ ಕಾಲು ಮುಟ್ಟಿ ನಮಸ್ಕಾರ ಮಾಡಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೂ ಎಡಗಾಲನ್ನು ಮಾತ್ರ. ಬಲಗಾಲನ್ನು ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಕೈಯಲ್ಲಿ ತರಕಾರಿ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೆ ಇದೆಂಥ ಹುಚ್ಚರ ಊರಪ್ಪಾ ಅನ್ನಿಸಿತ್ತು. ಮೈಸೂರಿನಲ್ಲಿ ನಮ್ಮ ತಂದೆ ಜೀವಮಾನವೆಲ್ಲ ಮೇಷ್ಟ್ರಾಗಿದ್ದವರು. ಅವರಿಗೂ ರಸ್ತೆಯಲ್ಲಿ ನಮಸ್ಕಾರ ಸಿಗುತ್ತಿತ್ತು, ಆದರೆ ಎರಡೂ ಕಾಲಿಗೆ ಸೇರಿಸಿ.

ಫುಟ್‌ಬಾಲ್ ನೋಡುವವರಿಗೆ ಇವರ ಹೆಸರು ಗೊತ್ತಿದೆ. ನೋಡದವರಿಗೆ ನಾನು ಹೇಳಿಯೂ ಪ್ರಯೋಜನವಿಲ್ಲ, ಹಾಗಾಗಿ ಹೆಸರು ಬೇಡ. ಮೈದಾನದ ಎಡಗಡೆಯ ಗೆರೆಯುದ್ದಕ್ಕೂ ಓಡಿ, ಎಡಗಾಲಿನಿಂದ ಚೆಂಡನ್ನು ಬಾಗಿಸಿ ಒಳಗೆ ಕಳಿಸುವುದು ಇವರ ಆಟ. ಆ ಚೆಂಡು ಹೊರಗೆ ಹೋಯಿತು ಅಂದುಕೊಂಡು ಜನ ಅಯ್ಯೋ ಅನ್ನುವಷ್ಟರಲ್ಲಿ ಅದು ತಿರುಗಿಕೊಂಡು ಗೋಲಿನ ಮುಂದೆ ಬಂದು ಬೀಳುತ್ತಿತ್ತು. ಬೆಂಗಳೂರಿನ ದಂಡಿನ ಕಡೆಯ ಗಲ್ಲಿಯೊಂದರಲ್ಲಿ ಆಡಿಕೊಂಡಿದ್ದ ಹುಡುಗನನ್ನು ಮುಂಬೈಯ ದೊಡ್ಡ ಕಂಪನಿಯೊಂದು ಕರೆದು ಕೆಲಸ ಕೊಟ್ಟಿತು. ಕೆಲಸ ಅಂದರೆ ಕಂಪನಿಯ ಟೀಮಿಗೆ ಆಡುವುದು. ಬೆಳಿಗ್ಗೆ ಪ್ರಾಕ್ಟೀಸ್, ಊಟದ ಮೇಲೆ ಆಫೀಸಿಗೆ ಹೋಗಿ ಒಂದು ಸಹಿ, ಒಂದು ಚಹಾ, ಸಾಹೇಬರ ಜೊತೆ ಹಿಂದಿನ ದಿನದ ಮ್ಯಾಚಿನ ಮಾತು. ಆಮೇಲೆ ದೇಶದ ಟೀಮಿಗೂ ಆಡಿದರು. ಆ ನೀಲಿ ಅಂಗಿಯನ್ನು ನಾನೇ ಒಗೆದಿದ್ದೇನೆ. ಬಣ್ಣ ಬಿಡುತ್ತಿತ್ತು.

ಹೆಣ್ಣು ನೋಡಲು ಬಂದ ದಿನ ಕುಂಟುತ್ತಾ ಬಂದಿದ್ದರು. ನಮ್ಮ ಸೋದರತ್ತೆ ಅಡುಗೆಮನೆಗೆ ಬಂದು, "ಹುಡುಗ ನೋಡೋಕೆ ಲಕ್ಷಣವಾಗಿದಾನೆ, ಆದ್ರೆ ಕುಂಟ ಕಣೇ, ಬೇಡ ಅನ್ನು" ಎಂದು ಪಿಸುಗುಟ್ಟಿದರು. ನಮ್ಮ ತಂದೆ ಕಾಲಿಗೆ ಏನಾಯಿತು ಎಂದು ಕೇಳಿದಾಗ ಇವರು ನಾಚಿಕೊಂಡು, "ಏನಿಲ್ಲ ಸಾರ್, ಮೊನ್ನೆ ಮ್ಯಾಚಲ್ಲಿ ಸ್ವಲ್ಪ ತಗುಲ್ತು. ನೋವೇನಿಲ್ಲ" ಎಂದರು. ಪಾದ ಕುಂಬಳಕಾಯಿಯ ಹಾಗೆ ಊದಿತ್ತು. ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಆದರೂ ಆ ಸುಳ್ಳು ಹೇಳಿದ ರೀತಿ ಹಿಡಿಸಿತು, ಒಪ್ಪಿಕೊಂಡೆ.

ನೋವಿಲ್ಲ ಅನ್ನುವುದು ಅವರ ಟೀಮಿನ ಮಂತ್ರ ಎಂದು ತಿಳಿದದ್ದು ಮುಂಬೈಗೆ ಬಂದಮೇಲೆ. ಟೀಮಿಗೆ ಒಬ್ಬ ಮಾಲೀಶಿನವನಿದ್ದ. ಮ್ಯಾಚಿಗೆ ಮುಂಚೆ ಎಲ್ಲರನ್ನೂ ಬೆಂಚಿನ ಮೇಲೆ ಸಾಲಾಗಿ ಮಲಗಿಸಿ, ಪೆಟ್ಟಾದ ಜಾಗಕ್ಕೆ ಹೆಬ್ಬೆರಳನ್ನು ಒತ್ತಿ "ದುಖ್ತಾ ಹೈ?" ನೋಯುತ್ತದೆಯಾ ಎಂದು ಕೇಳುತ್ತಿದ್ದನಂತೆ. "ನಹೀ" ಅಂದವನಿಗೆ ಬೂಟು. "ಹಾಂ" ಅಂದವನು ಬೆಂಚಿನಲ್ಲೇ ಕೂರಬೇಕು, ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಬಂದವನು ಚೆನ್ನಾಗಿ ಆಡಿಬಿಟ್ಟರೆ ಕಥೆ ಮುಗಿಯಿತು. ಆದ್ದರಿಂದ ಮೂಳೆ ಮುರಿದಿದ್ದರೂ ಎಲ್ಲರದೂ ಒಂದೇ ಉತ್ತರ. ಹೆಬ್ಬೆರಳು ಒತ್ತುವಾಗ ಮುಖದ ಒಂದು ನರವೂ ಅಲುಗದ ಹಾಗೆ ಇರುವುದನ್ನು ಇವರು ಚೆಂಡು ಒದೆಯುವುದಕ್ಕಿಂತ ಚೆನ್ನಾಗಿ ಕಲಿತಿದ್ದರು. ಟೀಮಿನ ಗೋಲ್‌ಕೀಪರ್, ಬೆಳಗಾವಿ ಕಡೆಯ ಮನೆತನದವನು, ಕುರ್ಲಾದ ಚಾಳಿನಲ್ಲಿ ಹುಟ್ಟಿ ಬೆಳೆದವನು, ಇವರ ಜೀವದ ಗೆಳೆಯ. ಅವನನ್ನು ಎಲ್ಲರೂ ಗೋಲಿ ಎಂದೇ ಕರೆಯುತ್ತಿದ್ದರು, ನಾನು ಅವನಿಗೆ ವೈನಿ, ಅಂದರೆ ಅತ್ತಿಗೆ. ಮುರಿದ ಕಿರುಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡು ನಮ್ಮ ಮನೆಗೆ ಊಟಕ್ಕೆ ಬಂದಿದ್ದವನು, "ವೈನಿ, ನಮ್ಮ ಲೈನ್‌ನ್ಯಾಗ ನೋವು ಆಗೂದು ಹೆಂಡರಿಗೆ ಅಷ್ಟ ನೋಡ್ರಿ" ಎಂದು ನಕ್ಕಿದ್ದ.

ಅವನು ಹೇಳಿದ್ದು ನಿಜವೇ. ಹೊರಗೆ ಹುಲಿಯಾಗಿದ್ದವರು ಮನೆಯ ಬಾಗಿಲು ದಾಟಿದ ಕೂಡಲೇ ಅಮ್ಮಾ ಅನ್ನುತ್ತಿದ್ದರು. ಬಿಸಿನೀರಿನ ಟಬ್ಬಿಗೆ ಉಪ್ಪು ಹಾಕಿ ಬಾಲ್ಕನಿಯಲ್ಲಿ ಇಟ್ಟು ಕೊಡುತ್ತಿದ್ದೆ. ಎಡಪಾದವನ್ನು ಅದರೊಳಗೆ ಇಳಿಸಿ ಕಣ್ಣು ಮುಚ್ಚಿ ಹಲ್ಲು ಕಚ್ಚುವುದು, ನಾನು ಒಳಗಿನಿಂದ ಬೈಯುವುದು. ಚೆಂಡು ನನ್ನ ಸವತಿ, ಅವಳ ಜೊತೆ ಮಜಾ ಮಾಡಿ ಆರೈಕೆಗೆ ಮಾತ್ರ ನನ್ನ ಹತ್ತಿರ ಬರುತ್ತೀರಿ ಎಂದು ರೇಗಿಸುತ್ತಿದ್ದೆ. ಅವರು ಹಲ್ಲು ಕಚ್ಚಿಕೊಂಡೇ ನಗುತ್ತಿದ್ದರು.

ಒಂದು ದೊಡ್ಡ ಫೈನಲ್ಲಿನ ಹಿಂದಿನ ದಿನ ಆ ಪಾದದ ಗಿಣ್ಣು ತಿರುಚಿಕೊಂಡಿತು. ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಮರುದಿನ ಟೀಮಿನ ಡಾಕ್ಟರು ಗಿಣ್ಣಿಗೆ ಸೂಜಿ ಚುಚ್ಚಿ ಮರಗಟ್ಟಿಸಿದರು, ಇವರು ಇಳಿದರು. ಚರ್ಚ್‌ಗೇಟ್ ಹತ್ತಿರದ ಮೈದಾನ, ಸುರಿಯುವ ಮಳೆ, ಕೆಸರು. ನಾನು ಸ್ಟ್ಯಾಂಡಿನಲ್ಲಿ ಕೂತು ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದೆ. ಎದುರಿನವನಿಗೆ ಯಾವ ಕಾಲು ನೊಂದಿದೆ ಎಂದು ಗೊತ್ತಾಗಿತ್ತು, ಅಲ್ಲಿಗೇ ಒದೆಯುತ್ತಿದ್ದ. ಜನ ಎದ್ದು ನಿಂತು ಕೂಗಿದಾಗ ಕಣ್ಣು ಬಿಟ್ಟೆ. ಇವರು ಕೆಸರಿನಲ್ಲಿ ಮೊಣಕಾಲೂರಿ ಎರಡೂ ಕೈ ಎತ್ತಿದ್ದರು, ಮೈಮೇಲೆ ಟೀಮಿನವರೆಲ್ಲ ಬಿದ್ದಿದ್ದರು. ಗೋಲು ಹೇಗಾಯಿತು ಎಂದು ನಾನು ನೋಡಲೇ ಇಲ್ಲ. ಆಮೇಲೆ ಎಷ್ಟೋ ಜನ, ಆಟೋದವರು, ಮದುವೆ ಮನೆಯಲ್ಲಿ ಸಿಕ್ಕವರು, ಆ ಗೋಲನ್ನು ನನಗೆ ಕೈಸನ್ನೆ ಮಾಡಿ ತೋರಿಸಿದ್ದಾರೆ. ನಾನು ಹೌದು ಹೌದು ಅಂದಿದ್ದೇನೆ.

ಆ ಗಿಣ್ಣು ಮತ್ತೆ ಮೊದಲಿನ ಹಾಗೆ ಆಗಲಿಲ್ಲ. ಅದರ ಮೇಲೆಯೇ ಇನ್ನೂ ಕೆಲವು ವರ್ಷ ಆಡಿದರು. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನವರು ಕ್ಯಾಷ್ ಕೌಂಟರಿನ ಹಿಂದೆ ದೇವರ ಪಟದ ಪಕ್ಕದಲ್ಲಿ ಇವರ ಫೋಟೋ ಹಾಕಿದ್ದರು. ಹೋದಾಗಲೆಲ್ಲ ಒಂದು ಪ್ಲೇಟು ಬಾದಾಮಿ ಹಲ್ವ ಕೇಳದೇ ಬರುತ್ತಿತ್ತು. ಬೇಡ ಅಂದರೆ ಅವರಿಗೆ ಬೇಜಾರು, ಬೇಡ ಅನ್ನುವುದಕ್ಕೆ ಇವರಿಗೂ ಮನಸ್ಸಿಲ್ಲ. ಓಡುವ ದೇಹ, ಎಲ್ಲ ಕರಗುತ್ತಿತ್ತು.

ನಂತರ ಕಂಪನಿ ಒಂದು ದಿನ ಟೀಮನ್ನೇ ಮುಚ್ಚಿತು. ಕ್ರಿಕೆಟ್ಟಿಗೆ ಜಾಹೀರಾತು ಸಿಗುತ್ತದೆ, ಇದಕ್ಕೆ ಏನು ಸಿಗುತ್ತದೆ ಎಂದು ಮೇಲಿನವರು ಯಾರೋ ಕೇಳಿದರಂತೆ. ಆಟಗಾರರನ್ನೆಲ್ಲ ಬೇರೆ ಬೇರೆ ವಿಭಾಗಕ್ಕೆ ಹಂಚಿದರು. ಇವರಿಗೆ ಸಿಕ್ಕಿದ್ದು ಟಪಾಲು ಕಳಿಸುವ ವಿಭಾಗ. ದೇಶದ ಅಂಗಿ ತೊಟ್ಟವರು ಲಕೋಟೆಗೆ ಅಂಟು ಹಚ್ಚುವುದನ್ನು ನೋಡಿ ನನಗೆ ಕಂಪನಿಯ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇವರು ಮಾತ್ರ ಎಂಟು ಗಂಟೆಯ ಲೋಕಲ್ ಹಿಡಿದು ಹೋಗುವುದು, ಕತ್ತಲಾದ ಮೇಲೆ ಬರುವುದು, ಟಿವಿಯಲ್ಲಿ ಯಾವುದೋ ದೂರದ ದೇಶದ ಮ್ಯಾಚು ಹಾಕಿಕೊಂಡು ಧ್ವನಿ ಅಡಗಿಸಿ ಕೂರುವುದು. ಹಲ್ವ ಮಾತ್ರ ನಿಲ್ಲಲಿಲ್ಲ. ಓಡುವುದು ನಿಂತಿತ್ತು.

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ಅವರು ಅದನ್ನು ಅವಮಾನ ಎಂದು ತಿಳಿದರು. "ಅದು ಕೂತು ತಿನ್ನೋರಿಗೆ ಬರೋದು ಕಣೇ. ನಾನು ಪ್ಲೇಯರು" ಎಂದರು. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಹೇಳಿ ಹೇಳಿ ಸೋತೆ. ಮಗಳು ಆಗ ಕಾಲೇಜಿನಲ್ಲಿದ್ದಳು, ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಧ ನುಂಗಿ ಅರ್ಧ ಉಗುಳುವವಳು. ಅವಳು ಒಬ್ಬಳು ಗದರಿಸಿದರೆ ಒಂದು ವಾರ ಸರಿಯಾಗಿ ನುಂಗುತ್ತಿದ್ದರು.

ನಿವೃತ್ತಿಯಾದ ಮೇಲೆ, ಒಂದು ಸಂಜೆ, ಟಬ್ಬಿಗೆ ನೀರು ಕಾಯಿಸಲು ಹೊರಟವಳನ್ನು ಇವರು ತಡೆದರು. "ಇವತ್ತು ಬೇಡ. ನೋವಿಲ್ಲ" ಅಂದರು. ನಾನು ನಂಬಲಿಲ್ಲ. ಮರುದಿನವೂ ಬೇಡ ಅಂದರು, ಅದರ ಮರುದಿನವೂ. ಇಷ್ಟು ವರ್ಷ ಪ್ರತಿ ಸಂಜೆ ಅಮ್ಮಾ ಅನ್ನಿಸಿದ ಗಿಣ್ಣು ತನ್ನಷ್ಟಕ್ಕೆ ಸುಮ್ಮನಾಗಿತ್ತು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಟೀಮು ಮುಚ್ಚಿದಮೇಲೆ ನೋಡಿರಲಿಲ್ಲ. ಎಡಗಾಲಿನ ಮೇಲೆ ಒಂಟಿಯಾಗಿ ನಿಂತು ತೋರಿಸಿದರು. "ನೋಡೇ, ರೆಸ್ಟ್ ಸಿಕ್ಕಿತಲ್ಲ, ವಾಸಿಯಾಗಿಬಿಡ್ತು" ಅಂದರು. ನಾನು ದೇವರಿಗೆ ದೀಪ ಹಚ್ಚಿ, ಆ ದಿನ ಶಾವಿಗೆ ಪಾಯಸ ಮಾಡಿದೆ. ಅವರೂ ಎರಡು ಲೋಟ ಕುಡಿದರು.

ನೋವು ಹೋಯಿತು ಅಂದರೆ ವಾಸಿಯಾಯಿತು ಎಂದಲ್ಲದೆ ಬೇರೆ ಅರ್ಥ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಜೀವನವಿಡೀ ಆ ಒಂದು ಪ್ರಶ್ನೆಗೆ ಆ ಒಂದು ಉತ್ತರ ಕೊಟ್ಟವರು ಅವರು, ಕೇಳಿಕೊಂಡು ಬದುಕಿದವಳು ನಾನು. ಒಮ್ಮೆ ಸ್ಟೇಷನ್ನಿನಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಎಡಗಾಲಿನದು ಎಲ್ಲೋ ಜಾರಿ ಹೋಗಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಸೇತುವೆಯ ಮೆಟ್ಟಿಲು, ರಸ್ತೆ, ನಮ್ಮ ಬಿಲ್ಡಿಂಗಿನ ಜಲ್ಲಿಕಲ್ಲು ಎಲ್ಲ ಬರಿಗಾಲಿನಲ್ಲೇ ದಾಟಿದ್ದರು. ನಾನು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಆರು ಗಂಟೆ ರಶ್ಶಲ್ಲಿ ಪ್ಯಾಂಟು ಉಳಿದದ್ದೇ ಪುಣ್ಯ" ಅಂತ ಅವರೂ ನಕ್ಕರು.

ಮಗಳಿಗೆ ಆಗ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. ಅವಳಿಗೆ ಆ ನಗು ಹಿಡಿಸಲಿಲ್ಲ. ಫೋನಿನಲ್ಲಿ ಏನೋ ಓದಿದಳು. "ಅಮ್ಮಾ, ಶುಗರ್ ಇದ್ದವರಿಗೆ ಪೈರ್ ಸುನ್ನ್ ಆಗುತ್ತೆ, ಕಾಲಿಗೆ ಏನೂ ಗೊತ್ತಾಗಲ್ಲ. ಇದು ಫನಿ ಅಲ್ಲ. ಪಪ್ಪಾ, ಚಲೋ, ಡಾಕ್ಟರ್‌ಗೆ ತೋರಿಸಿ" ಎಂದು ಹಟ ಹಿಡಿದು ಕಾಲಿನ ಪರೀಕ್ಷೆಗೆ ಸಮಯ ಗೊತ್ತು ಮಾಡಿ ಕಳಿಸಿದಳು. ರಜೆ ಸಿಗದೆ ತಾನು ಹೋಗಲಾಗಲಿಲ್ಲ. ನಾನು ಜೊತೆಗೆ ಹೋದೆ, ಹೊರಗೆ ಬೆಂಚಿನಲ್ಲಿ ಕೂತೆ.

ಒಳಗೆ ನಡೆದದ್ದನ್ನು ಅವರು ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ಹೇಳಿದರು. ಡಾಕ್ಟರು ಕಣ್ಣು ಮುಚ್ಚಿಸಿ, ಮೀನಿನ ಗಾಳದ ದಾರದಂಥ ಒಂದು ಎಳೆಯನ್ನು ಪಾದದ ಅಲ್ಲಲ್ಲಿ ತಾಗಿಸುವುದಂತೆ, ತಾಗಿದಾಗ ಇವರು ಹಾಂ ಅನ್ನಬೇಕಂತೆ. "ಮುಂದಿನ ತಿಂಗಳು ವೆಟರನ್ಸ್ ಮ್ಯಾಚ್ ಇದೆ, ಹಳೇ ಟೀಮೆಲ್ಲ ಸೇರ್ತಿದೆ. ಫೇಲ್ ಆದ್ರೆ ನಿನ್ನ ಮಗಳು ಬಿಡ್ತಾಳಾ? ಡಾಕ್ಟ್ರು ಬಗ್ಗಿದಾಗ ಕುರ್ಚಿ ಕಿರ್ರ್ ಅನ್ನೋದು, ತೋಳು ಚಾಚಿದಾಗ ಅಂಗಿ ಸದ್ದು ಮಾಡೋದು. ಆ ಸದ್ದಿಗೆ ಹಾಂ ಅಂದೆ. ಎಂತೆಂಥಾ ಡಿಫೆಂಡರ್‌ಗಳನ್ನ ಭುಜ ನೋಡಿಯೇ ದಾಟಿದೋನು ನಾನು, ಈ ಡಾಕ್ಟ್ರು ಯಾವ ಲೆಕ್ಕ! ಪಾಸ್!" ಎಂದು ನನ್ನ ತೊಡೆ ತಟ್ಟಿದರು. ಅವರ ಹಳೆಯ ಕಂಠ, ಮ್ಯಾಚು ಗೆದ್ದು ಬಂದಾಗಿನದು, ಆ ದಿನ ವಾಪಸು ಬಂದಿತ್ತು. ಮೋಸ ಹೋದದ್ದು ಡಾಕ್ಟರು ಎಂದೇ ಇಬ್ಬರೂ ನಂಬಿದ್ದೆವು. ಮಗಳಿಗೆ ಎಲ್ಲ ಸರಿಯಿದೆಯಂತೆ ಎಂದು ಹೇಳಿದೆವು.

ವೆಟರನ್ಸ್ ಮ್ಯಾಚಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅದೇ ಮೈದಾನ, ಅದೇ ಮಳೆ. ಹೊಟ್ಟೆ ಬಂದವರು, ತಲೆ ಬೋಳಾದವರು, ಅಂಗಿ ಬಿಗಿಯಾಗಿ ಉಸಿರು ಕಟ್ಟಿದವರು. ಗೋಲಿ ತನ್ನ ಬೆನ್ನು ನೋವಿನ ಪಟ್ಟಿ ಕಟ್ಟಿಕೊಂಡೇ ಗೋಲಿನಲ್ಲಿ ನಿಂತಿದ್ದ. ಇವರು ಅಟ್ಟದ ಮೇಲಿಂದ ಹಳೆಯ ಬೂಟನ್ನೇ ಇಳಿಸಿದ್ದರು. ಚರ್ಮ ಒಣಗಿ ಕಟ್ಟಿಗೆಯಾಗಿತ್ತು, ಎಣ್ಣೆ ಹಚ್ಚಿ ಮೆತ್ತಗೆ ಮಾಡಿದ್ದರು. ಹೊಸದು ಕೊಳ್ಳಿ ಅಂದರೆ ಕೇಳಲಿಲ್ಲ.

ಆ ದಿನ ನಾನು ಕಣ್ಣು ಮುಚ್ಚಲಿಲ್ಲ. ಎದುರಿನವರ ಕಾಲಿಗೆ ಒದೆಯುವ ವಯಸ್ಸು ಯಾರಿಗೂ ಇರಲಿಲ್ಲವಲ್ಲ. ಮೊದಲ ಬಾರಿ ಅವರ ಆಟವನ್ನು ಪೂರ್ತಿ ನೋಡಿದೆ. ಎಡಗಡೆಯ ಗೆರೆಯ ಪಕ್ಕ ಅವರು ಚೆಂಡು ತೆಗೆದುಕೊಂಡು ಹೊರಟರು, ನಿಧಾನವಾಗಿಯೇ, ಒಬ್ಬನನ್ನು ಬರೀ ಸೊಂಟ ಅಲುಗಿಸಿ ಆಚೆ ಕಳಿಸಿದರು, ತಲೆ ಎತ್ತಿ ನೋಡಿ ಎಡಗಾಲಿನಿಂದ ಹೊಡೆದರು. ಚೆಂಡು ನನ್ನ ಕಡೆಗೇ, ಸ್ಟ್ಯಾಂಡಿಗೇ ಬರುತ್ತಿದೆ ಅನ್ನಿಸಿತು, ನಾನು ತಲೆ ಬಗ್ಗಿಸಿದೆ. ಅದು ಮಳೆಯಲ್ಲಿ ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ತಿರುಗಿ ಗೋಲಿನ ಮೂಲೆಗೆ ಹೋಯಿತು. ನಾನು ಎದ್ದು ನಿಂತು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ, ಪಕ್ಕದವರು ತಿರುಗಿ ನೋಡಿದರು. ಇಷ್ಟು ವರ್ಷ ಬೈದುಕೊಂಡೇ ಕಳೆದ ಆಟ ಇಷ್ಟು ಚೆಂದ ಎಂದು ಆ ದಿನ ತಿಳಿಯಿತು. ಅಳು ಬಂತು, ಮಳೆ ಇದ್ದದ್ದರಿಂದ ಯಾರಿಗೂ ಕಾಣಿಸಲಿಲ್ಲ.

ಲೋಕಲಿನಲ್ಲಿ ವಾಪಸು ಬರುವಾಗ ಬೂಟು ಬಿಚ್ಚಲಿಲ್ಲ, ಅದನ್ನೇ ಹಾಕಿಕೊಂಡು ಬಂದರು. ಕಾಂದಿವಲಿಯಲ್ಲಿ ಇಳಿದು ನಡೆಯುವಾಗ ಎಡಗಾಲಿನ ಬೂಟು ಪಚಕ್ ಪಚಕ್ ಅನ್ನುತ್ತಿತ್ತು. "ಒಳಗೆ ಮಳೆ ನೀರು ತುಂಬಿಕೊಂಡಿದೆ" ಅಂದರು. ಬಾಗಿಲ ಹೊರಗೆ ಬೂಟು ಕಳಚಿ ಒಳಗೆ ಹೋದರು, ಚಹಾ ಮಾಡೇ ಎಂದು ಕೂಗಿದರು. ನಾನು ಒದ್ದೆ ಛತ್ರಿ ಬಿಡಿಸಿಟ್ಟು ತಿರುಗಿ ನೋಡಿದರೆ, ಬಾಗಿಲಿನಿಂದ ಸೋಫಾದವರೆಗೆ ಬಿಳಿ ಟೈಲ್ಸಿನ ಮೇಲೆ ಎಡಗಾಲಿನ ಹೆಜ್ಜೆಗಳು ಮಾತ್ರ ಕೆಂಪಗೆ ಮೂಡಿದ್ದವು. ಅವರು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಗೋಲಿಗೆ ಫೋನ್ ಮಾಡಿ ನಗುತ್ತಿದ್ದರು.

ಬೂಟಿನ ಒಳಗೆ ಕೈ ಹಾಕಿದೆ. ಅಟ್ಟೆ ಸವೆದು ತಳದ ಒಂದು ಮೊಳೆ ಮೇಲೆದ್ದಿತ್ತು, ನನ್ನ ಬೆರಳಿಗೇ ಚುಚ್ಚಿತು. ಅದರ ಮೇಲೆ ಒಂದು ಇಡೀ ಆಟ ಓಡಿದ್ದರು, ಒದ್ದಿದ್ದರು, ಸ್ಟೇಷನ್ ಮೆಟ್ಟಿಲು ಹತ್ತಿ ಇಳಿದಿದ್ದರು. ಪಾದದ ಅಡಿಯಲ್ಲಿ ನಾಣ್ಯದಷ್ಟು ಅಗಲ ಮಾಂಸ ಕಿತ್ತು ಬಂದಿತ್ತು. "ನೋಯ್ತಿಲ್ವೇನ್ರೀ?" ಎಂದು ಕಿರುಚಿದೆ. ಅವರು ಫೋನು ಕೆಳಗಿಟ್ಟು ತಮ್ಮ ಪಾದವನ್ನು ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ಪಾದ ನೋಡುವವರ ಹಾಗೆ. "ಇಲ್ಲ ಕಣೇ" ಅಂದರು. ಈ ಸಲ ಅದು ಸುಳ್ಳಾಗಿರಲಿಲ್ಲ. ಮದುವೆಯಾದ ಮೇಲೆ ಆ ಮಾತಿಗೆ ನಾನು ಹೆದರಿದ್ದು ಅದೇ ಮೊದಲು.

ಗಾಯ ಒಣಗಲಿಲ್ಲ. ಡ್ರೆಸ್ಸಿಂಗ್ ಮಾಡಿದರು, ಸೂಜಿ ಹಾಕಿದರು, ಹೆಬ್ಬೆರಳು ಕಪ್ಪಾಯಿತು, ವಾಸನೆ ಬಂತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಸರ್ಜನ್ನು ಹೆಂಗಸು, ಮೃದುವಾಗಿ ಮಾತಾಡುವವರು. ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತು, ಕೀವು ಮೇಲೇರುತ್ತಿದೆ, ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಇವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಡಾಕ್ಟ್ರಿಗೆ ಹೇಳು, ಬಲಗಾಲು ತಗೊಳ್ಳಲಿ. ಅದು ಲೋಕಲ್ ಹತ್ತೋಕೆ ಮಾತ್ರ ಇರೋದು" ಅಂದರು. ನಾನು ಅದನ್ನು ಅನುವಾದ ಮಾಡಲಿಲ್ಲ. ನಗಲೂ ಆಗಲಿಲ್ಲ.

ಒಪ್ಪಲೇ ಇಲ್ಲ. ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದರು. ಜ್ವರ ಏರುತ್ತಿತ್ತು. ಮಗಳು ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡು, "ಅಮ್ಮಾ, ಪಪ್ಪಾಗೆ ಸಮ್‌ಝಾ ನಾ, ಒಪ್ಪಿಸು. ಇನ್‌ಫೆಕ್ಷನ್ ಬ್ಲಡ್‌ಗೆ ಹೋದ್ರೆ ಪಪ್ಪಾನೇ ಇರಲ್ಲ" ಎಂದು ಅತ್ತಳು. ಗೋಲಿಗೆ ಹೇಳಿ ಕಳಿಸಿದೆ. ಅವನ ಮಾತನ್ನು ಇವರು ಎಂದೂ ತೆಗೆದುಹಾಕಿದವರಲ್ಲ. ಕುರ್ಲಾದಿಂದ ಓಡಿ ಬಂದವನು, "ನೀವ್ ಹೊರಗ ಕುಂಡ್ರಿ ವೈನಿ, ನಾ ಮಾತಾಡ್ತೀನಿ" ಎಂದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಗೋಡೆಗೆ ಹಣೆ ಕೊಟ್ಟು ನಿಂತುಬಿಟ್ಟ. "ನನ್ನ ಕೈಲೆ ಆಗೂದಿಲ್ರಿ ವೈನಿ. ಆ ಕಾಲಿನ ಹೊಡ್ತಾ ತಿಂದ ನಾ ಗೋಲ್‌ಕೀಪರ್ ಆಗೇನಿ. ಅದನ್ನ ಕಡೀರಿ ಅಂತ ಯಾ ಬಾಯಿಲೆ ಹೇಳ್ಲಿ?" ಎಂದ. ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತ.

ಇನ್ನು ಉಳಿದವಳು ನಾನು. ಒಳಗೆ ಹೋಗಿ ಬಾಗಿಲು ಹಾಕಿದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಬೈದೇಬಿಟ್ಟೆ. ನೀವು ಸತ್ತರೆ ಆ ಕಾಲನ್ನು ನಾನು ಶೋಕೇಸಿನಲ್ಲಿಟ್ಟು ಪೂಜೆ ಮಾಡಲೇ ಎಂದು ಕೇಳಿದೆ. ಅವರು ಗೋಡೆ ನೋಡುತ್ತಲೇ, "ಈ ಕಾಲಿಲ್ಲದ ಮೇಲೆ ನಾನು ಯಾರು ಹೇಳು? ಜನಕ್ಕೆ ಗೊತ್ತಿರೋದು ಇದೇ. ಕಂಪನಿ ಕರೆದದ್ದು ಇದನ್ನ. ನಿಮ್ಮಪ್ಪ ಹೆಣ್ಣು ಕೊಟ್ಟದ್ದೂ ಇದಕ್ಕೇ" ಅಂದರು.

"ನಮ್ಮಪ್ಪನಿಗೆ ಫುಟ್‌ಬಾಲು ದುಂಡಗಿದೆಯೋ ಚೌಕವಾಗಿದೆಯೋ ಗೊತ್ತಿರಲಿಲ್ಲ" ಅಂದೆ. "ಕುಂಟ ಅಂತ ಸೋದರತ್ತೆ ಹೇಳಿದ್ರೂ ಒಪ್ಪಿದೋಳು ನಾನು. ನೀವು ನನ್ನ ಗಂಡ. ಆ ಕೆಲಸಕ್ಕೆ ಒಂದು ಕಾಲು ಸಾಕು."

ಅವರು ತಿರುಗಿದರು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದರು. "ಡಾಕ್ಟ್ರಿಗೆ ಒಂದು ಮಾತು ಕೇಳು. ಒಳಗೆ ನೋಡಿದಾಗ ಚೆನ್ನಾಗಿದ್ರೆ ಬೆರಳು ಮಾತ್ರ ತೆಗೆದು ಪಾದ ಬಿಡ್ತಾರಾ ಅಂತ" ಅಂದರು. ನಾನು ಹೋಗಿ ಕೇಳಿದೆ. ಸರ್ಜನ್ನು ನನ್ನ ಮುಖ ನೋಡಿ, ಖಂಡಿತ ನೋಡುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಅಂದರು. ನಾನು ಇವರಿಗೆ ಮೊದಲಿನ ಅರ್ಧ ಮಾತ್ರ ಹೇಳಿದೆ.

ಮರುದಿನ ಬೆಳಿಗ್ಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಬಂದು, ತಪ್ಪಾಗಬಾರದೆಂದು ಎಡಗಾಲಿನ ಮೇಲೆ ದಪ್ಪ ಪೆನ್ನಿನಿಂದ ಬಾಣದ ಗುರುತು ಹಾಕಿದರು. ಇವರ ಹೆಸರು ಓದಿಯೂ ಅವರಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಇವರು ತಲೆ ಎತ್ತಿ ಆ ಬಾಣವನ್ನು ನೋಡಿದರು. "ಎಡಗಾಲು ಯಾವುದು ಅಂತ ಬರ್ಕೋಬೇಕಾ ಇವರು? ಇಡೀ ಊರಿಗೆ ಗೊತ್ತಿತ್ತು" ಎಂದು ನನಗೆ ಮೆಲ್ಲಗೆ ಹೇಳಿದರು. ಸ್ಟ್ರೆಚರ್ ತಳ್ಳಿಕೊಂಡು ಹೋದಾಗ ಕಾರಿಡಾರಿನ ತುದಿಯವರೆಗೂ ಮಗಳು ಜೊತೆಗೆ ನಡೆದಳು. ನಾನು ಬಾಗಿಲಲ್ಲೇ ಉಳಿದೆ.

ಸರ್ಜನ್ನು ಹೊರಗೆ ಬಂದು ತಲೆ ಅಲ್ಲಾಡಿಸಿದಾಗಲೇ ಗೊತ್ತಾಯಿತು. ಪಾದ ಉಳಿಸುವ ಹಾಗಿರಲಿಲ್ಲ, ಜೀವಕ್ಕೆ ಅಪಾಯವಿಲ್ಲ ಅಂದರು. ಕೈ ಮುಗಿದೆ. ಇವರನ್ನು ವಾರ್ಡಿಗೆ ತಂದಾಗ ಮಧ್ಯಾಹ್ನ ಕಳೆದಿತ್ತು, ಕಿಟಕಿಯಿಂದ ಬಿಸಿಲು ಹಾಸಿಗೆಯ ಕಾಲ್ದೆಸೆಗೆ ಬಿದ್ದಿತ್ತು. ಬಿಳಿಯ ಹೊದಿಕೆ ಬಲಗಡೆ ಉದ್ದಕ್ಕೂ ಎದ್ದಿತ್ತು, ಎಡಗಡೆ ಮೊಣಕಾಲಿನವರೆಗೆ ಎದ್ದು ಅಲ್ಲಿಂದ ಕೆಳಗೆ ಸಪಾಟಾಗಿತ್ತು. ನಾನು ಆ ಕಡೆ ನೋಡದೆ ಅವರ ಮುಖವನ್ನೇ ನೋಡುತ್ತಾ ಕೂತೆ.

ಕಣ್ಣು ಅರ್ಧ ತೆರೆದರು. ತುಟಿ ಒಣಗಿತ್ತು, ಹತ್ತಿಯಲ್ಲಿ ನೀರು ಒರೆಸಿದೆ. ಏನೋ ಅಂದರು, ಬಗ್ಗಿ ಕಿವಿ ಕೊಟ್ಟೆ.

"ನೋಯ್ತಿದೆ ಕಣೇ" ಅಂದರು.

ನರ್ಸನ್ನು ಕರೆಯಲೇ ಎಂದು ಎದ್ದೆ. ಅವರು ನನ್ನ ಸೆರಗು ಹಿಡಿದುಕೊಂಡರು. ಮಂಪರಿನಲ್ಲೂ ಮುಖ ಅರಳಿತ್ತು. "ಪಾದ ನೋಯ್ತಿದೆ. ಎಡಪಾದ. ಹೆಬ್ಬೆರಳೂ ನೋಯ್ತಿದೆ. ಎಷ್ಟು ವರ್ಷ ಆಯ್ತು ನೋಡು, ನೋವು ವಾಪಸ್ ಬಂದಿದೆ. ಉಳಿಸಿಬಿಟ್ರು ಕಣೇ" ಅಂದರು.

ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಹೋದಳು. ಹೇಳಬೇಕು, ನಾನೇ ಹೇಳಬೇಕು ಎಂದುಕೊಂಡೆ. ಅವರು ಅಷ್ಟರಲ್ಲಿ, "ಸ್ವಲ್ಪ ಒತ್ತೇ" ಅಂದರು. ನಾನು ಅವರ ತೊಡೆಯ ಮೇಲೆ ಕೈಯಿಟ್ಟೆ.

"ಅಲ್ಲಲ್ಲ, ಕೆಳಗೆ."

ಮೊಣಕಾಲಿಗೆ ಬಂದೆ. "ಇನ್ನೂ ಕೆಳಗೆ ಕಣೇ, ಪಾದದಲ್ಲಿ" ಅಂದರು, ಮಗು ರಚ್ಚೆ ಹಿಡಿದ ಹಾಗೆ. ನನ್ನ ಕೈ ಬ್ಯಾಂಡೇಜು ದಾಟಿ, ಹೊದಿಕೆ ಸಪಾಟಾಗಿದ್ದ ಕಡೆಗೆ ಹೋಯಿತು. ಬಿಸಿಲಿಗೆ ಬಟ್ಟೆ ಬೆಚ್ಚಗಾಗಿತ್ತು. ಅಲ್ಲಿ ಒತ್ತಿದೆ.

"ಹಾಂ, ಅಲ್ಲೇ" ಅಂದು ಅವರು ಕಣ್ಣು ಮುಚ್ಚಿದರು. ಭೇಟಿಯ ಸಮಯ ಮುಗಿಯಿತೆಂದು ನರ್ಸು ಬಂದು ಭುಜ ಮುಟ್ಟುವವರೆಗೂ ನಾನು ಆ ಹಾಸಿಗೆಯನ್ನು ಒತ್ತುತ್ತಲೇ ಇದ್ದೆ.